ಅರಬ್ ಜಗತ್ತಿನ ಅಂತರ್ಜಾಲ: ಲಿಪಿ, ಸಹಯೋಗ ಮತ್ತು ಸ್ಮೃತಿರಕ್ಷಣೆ

ಅರಬ್ ಸಂಘದ 22 ಸದಸ್ಯ ರಾಷ್ಟ್ರಗಳಲ್ಲಿ ಅಂತರ್ಜಾಲ ಹರಡಿದ ಚರಿತ್ರೆಯನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಹೇಳಲಾಗುತ್ತದೆ. ಪಶ್ಚಿಮದಲ್ಲಿ ಸಿದ್ಧವಾದ ತಂತ್ರಜ್ಞಾನವೊಂದು ಸಂಪ್ರದಾಯಬದ್ಧ ಸಮಾಜಗಳ ಬಾಗಿಲನ್ನು ತೆರೆಯಿತು ಎಂಬುದು ಮೊದಲನೆಯದು. ಪ್ರಭುತ್ವಗಳು ಆ ಬಾಗಿಲನ್ನು ಮತ್ತೆ ಮುಚ್ಚಿದವು ಎಂಬುದು ಎರಡನೆಯದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೆ ಎರಡೂ ಕಥನಗಳಲ್ಲಿ ಅರಬರು ಕೇವಲ ಸ್ವೀಕರಿಸುವವರು. ಕೊಟ್ಟಾಗ ಪಡೆದವರು, ಕಿತ್ತುಕೊಂಡಾಗ ಕಳೆದುಕೊಂಡವರು. ಹೊರಗಿನಿಂದ ಬಂದ ಯಂತ್ರಕ್ಕೆ ತಮ್ಮ ಲಿಪಿಯನ್ನು, ಪದಗಳನ್ನು, ಪ್ರಾಚೀನ ಗ್ರಂಥಗಳನ್ನು, ಕಡೆಗೆ ತಮ್ಮ ಕಾಲದ ಸಾಕ್ಷ್ಯಗಳನ್ನು ಹೊರುವ ಶಕ್ತಿಯನ್ನು ತುಂಬಿದವರ ಚರಿತ್ರೆ ಈ ಕಥನಗಳಲ್ಲಿ ಕಾಣಿಸುವುದಿಲ್ಲ. ಆ ಕೆಲಸದ ಬಹುಭಾಗ ಕೂಡಿ ಮಾಡಿದ ಕೆಲಸ. ಅದರ ಹಿಂದೆ ಅಂತರ್ಜಾಲಕ್ಕಿಂತ ಬಹಳ ಹಳೆಯದಾದ ಒಂದು ವಿದ್ವತ್ ಪರಂಪರೆಯಿದೆ.

ಕೂಡಿ ಓದುವ ಪರಂಪರೆ

ಮಧ್ಯಯುಗದ ಅರಬ್ ವಿದ್ವತ್ತಿನಲ್ಲಿ ಗ್ರಂಥವು ಏಕಾಂತದ ವಸ್ತುವಾಗಿರಲಿಲ್ಲ. ಗ್ರಂಥಕರ್ತನ ಎದುರಿಗೋ ಅವನಿಂದ ಅಧಿಕಾರ ಪಡೆದ ಗುರುವಿನ ಎದುರಿಗೋ ಪಠ್ಯವನ್ನು ಗಟ್ಟಿಯಾಗಿ ಓದಲಾಗುತ್ತಿತ್ತು. ನೆರೆದವರು ತಮ್ಮ ಪ್ರತಿಗಳೊಡನೆ ಹೋಲಿಸಿ ತಪ್ಪುಗಳನ್ನು ತಿದ್ದಿಕೊಳ್ಳುತ್ತಿದ್ದರು. ಓದು ಮುಗಿದ ಬಳಿಕ ಕೇಳಿದವರ ಹೆಸರು, ಸ್ಥಳ ಹಾಗೂ ದಿನಾಂಕಗಳನ್ನು ಹಸ್ತಪ್ರತಿಯಲ್ಲಿ ದಾಖಲಿಸುತ್ತಿದ್ದರು. ಈ ದಾಖಲೆಗೆ ‘ಸಮಾ’ ಎಂದು ಹೆಸರು, ಅಂದರೆ ಕೇಳ್ಮೆ. ದಮಾಸ್ಕಸ್‌ನ ಹಸ್ತಪ್ರತಿಗಳಲ್ಲಿ ಇಂಥ ದಾಖಲೆಗಳು ಹೇರಳವಾಗಿ ಉಳಿದಿವೆ; ವಿದ್ವಾಂಸರ ಜೊತೆಗೆ ವ್ಯಾಪಾರಿಗಳು, ಕುಶಲಕರ್ಮಿಗಳು, ಮಹಿಳೆಯರು ಮತ್ತು ಮಕ್ಕಳ ಹೆಸರುಗಳೂ ಅವುಗಳಲ್ಲಿ ಸಿಗುತ್ತವೆ. ಹದೀಸ್ ಶಾಸ್ತ್ರದ ‘ಇಸ್ನಾದ್’, ಅಂದರೆ ಯಾರು ಯಾರಿಂದ ಕೇಳಿ ಹೇಳಿದರೆಂಬ ಸರಣಿ, ಇದೇ ಮನೋಧರ್ಮದ ಇನ್ನೊಂದು ರೂಪ. ಮಾತಿನ ಪ್ರಾಮಾಣ್ಯವು ಅದನ್ನು ದಾಟಿಸಿದವರ ಪ್ರಾಮಾಣಿಕತೆಯನ್ನು ಅವಲಂಬಿಸಿತ್ತು.

ಗ್ರಂಥಗಳನ್ನು ಪ್ರತಿಮಾಡಿ ಮಾರುವವರನ್ನು ‘ವರ‍್ರಾಕ್’ ಎಂದು ಕರೆಯುತ್ತಿದ್ದರು. ಇವರ ಅಂಗಡಿಗಳು ವಿದ್ವಾಂಸರ ಚರ್ಚಾಸ್ಥಾನಗಳೂ ಆಗಿದ್ದವು. ಬಾಗ್ದಾದಿನ ವರ‍್ರಾಕ್ ಒಬ್ಬನ ಮಗನಾದ ಇಬ್ನ್ ಅಲ್-ನದೀಮ್ ಕ್ರಿ.ಶ. 987ರಲ್ಲಿ ‘ಫಿಹ್ರಿಸ್ತ್’ ಎಂಬ ಗ್ರಂಥಸೂಚಿಯನ್ನು ಸಿದ್ಧಪಡಿಸಿದನು. ಅದರಲ್ಲಿ ಹೆಸರಿಸಲಾದ ಅಸಂಖ್ಯ ಕೃತಿಗಳು ಇಂದು ಆ ಹೆಸರುಗಳಾಗಿ ಮಾತ್ರ ಉಳಿದಿವೆ. ಗ್ರಂಥಗಳು ಅಳಿಯಬಲ್ಲವೆಂಬ ಅರಿವು ಆ ಸಂಸ್ಕೃತಿಗೆ ಹೊಸದಲ್ಲ.

ಮುದ್ರಣದ ಪ್ರವೇಶ ಸುಲಭವಾಗಿರಲಿಲ್ಲ. ಚಲಿಸುವ ಅಚ್ಚುಮೊಳೆಗಳಿಂದ ಅರಬ್ಬಿಯಲ್ಲಿ ಮುದ್ರಿತವಾದ ಮೊದಲ ಪುಸ್ತಕವೆಂದು ತಿಳಿದಿರುವುದು 1514ರಲ್ಲಿ ಇಟಲಿಯಲ್ಲಿ ಅಚ್ಚಾದ ಕ್ರೈಸ್ತ ಪ್ರಾರ್ಥನಾ ಗ್ರಂಥ. ಈಜಿಪ್ಟಿನಲ್ಲಿ ಮಹಮದ್ ಅಲಿ ಪಾಷಾ ಕೈರೋದ ಬೂಲಾಕ್ ಮುದ್ರಣಾಲಯವನ್ನು ಸ್ಥಾಪಿಸಿದ್ದು 1820ರ ಸುಮಾರಿಗೆ. ಈ ವಿಳಂಬಕ್ಕೆ ಧಾರ್ಮಿಕ ಸಂಕೋಚವನ್ನಷ್ಟೇ ಕಾರಣವೆನ್ನುವುದು ಅಸಮರ್ಪಕ. ಲಿಪಿಕಾರರ ವೃತ್ತಿಯ ಬಲ ಮತ್ತು ಲಿಪಿಯ ಸ್ವರೂಪ ಎರಡೂ ಅದಕ್ಕೆ ಕಾರಣಗಳು. ಅರಬ್ಬಿಯಲ್ಲಿ 28 ಅಕ್ಷರಗಳಿದ್ದರೂ ಪದದ ಆದಿ, ಮಧ್ಯ, ಅಂತ್ಯಗಳಲ್ಲಿ ಮತ್ತು ಒಂಟಿಯಾಗಿ ನಿಂತಾಗ ಅಕ್ಷರಗಳ ರೂಪ ಬದಲಾಗುತ್ತದೆ. ಒಂದಕ್ಕೊಂದು ಕೈಹಿಡಿದು ನಡೆಯುವ ಈ ಅಕ್ಷರಗಳಿಗೆ ನೂರಾರು ಅಚ್ಚುಮೊಳೆಗಳು ಬೇಕಾಗುತ್ತಿದ್ದವು. ಮುದ್ರಣಯಂತ್ರದ ಮುಂದಿದ್ದ ಇದೇ ಸಮಸ್ಯೆ ಒಂದೂವರೆ ಶತಮಾನದ ಬಳಿಕ ಗಣಕಯಂತ್ರದ ಮುಂದೆಯೂ ನಿಂತಿತು.

ಯಂತ್ರಕ್ಕೆ ಅಕ್ಷರಾಭ್ಯಾಸ

1982ರಲ್ಲಿ ಕುವೈತಿನ ಉದ್ಯಮಿ, ಕಥೆಗಾರ ಮುಹಮ್ಮದ್ ಅಲ್-ಶಾರಿಖ್ ಅವರು ‘ಸಖ್ರ್’ ಸಂಸ್ಥೆಯನ್ನು ಸ್ಥಾಪಿಸಿದರು. ಅರಬ್ಬಿಯಲ್ಲಿಯೇ ಕೆಲಸ ಮಾಡುವ ಮನೆಬಳಕೆಯ ಗಣಕಗಳನ್ನು ಈ ಸಂಸ್ಥೆ ಮಾರುಕಟ್ಟೆಗೆ ತಂದಿತು. ವಿಮಾನ ಎಂಜಿನಿಯರಿಂಗ್ ಓದಿ ಭಾಷೆಯ ಕಡೆಗೆ ಹೊರಳಿದ ಈಜಿಪ್ಟಿನ ನಬೀಲ್ ಅಲಿ ಇಲ್ಲಿ ಅರಬ್ಬಿ ವ್ಯಾಕರಣವನ್ನು ಯಂತ್ರಕ್ಕೆ ತಿಳಿಯುವ ನಿಯಮಗಳಾಗಿ ರೂಪಿಸುವ ಕೆಲಸದಲ್ಲಿ ಮುಂಚೂಣಿಯಲ್ಲಿದ್ದರು. ಸಮಸ್ಯೆ ಅಕ್ಷರಗಳದ್ದಷ್ಟೇ ಆಗಿರಲಿಲ್ಲ. ಅರಬ್ಬಿ ಪದಗಳು ಬಹುಮಟ್ಟಿಗೆ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಕ್-ತ್-ಬ್ ಎಂಬ ಧಾತುವಿನಿಂದ ಕಿತಾಬ್ (ಪುಸ್ತಕ), ಕಾತಿಬ್ (ಬರೆಯುವವನು), ಮಕ್ತಬ್ (ಕಚೇರಿ), ಮಕ್ತಬಾ (ಗ್ರಂಥಾಲಯ), ಮಕ್ತೂಬ್ (ಬರೆದದ್ದು, ಪತ್ರ) ಎಂಬ ರೂಪಗಳು ಸಿದ್ಧಿಸುತ್ತವೆ. ಹ್ರಸ್ವ ಸ್ವರಗಳನ್ನು ಸಾಮಾನ್ಯ ಬರವಣಿಗೆಯಲ್ಲಿ ಸೂಚಿಸುವುದಿಲ್ಲ. ಆದ್ದರಿಂದ ಅರಬ್ಬಿ ಪಠ್ಯದಲ್ಲಿ ಒಂದು ಪದವನ್ನು ಹುಡುಕಬೇಕಾದರೂ ಯಂತ್ರಕ್ಕೆ ಪದರಚನೆಯ ಜ್ಞಾನ ಬೇಕು. 1990ರಲ್ಲಿ ಇರಾಕ್ ಕುವೈತಿನ ಮೇಲೆ ಆಕ್ರಮಣ ಮಾಡಿದ ಬಳಿಕ ಈ ಸಂಶೋಧನೆ ಕೈರೋದಲ್ಲಿ ಮುಂದುವರಿಯಿತು. ನಬೀಲ್ ಅಲಿ 2001ರಲ್ಲಿ ಕುವೈತಿನ ‘ಆಲಮ್ ಅಲ್-ಮಅರಿಫಾ’ ಮಾಲೆಯಲ್ಲಿ ಪ್ರಕಟಿಸಿದ ಗ್ರಂಥದ ವಿಷಯವೇ ಅರಬ್ ಸಂಸ್ಕೃತಿ ಮತ್ತು ಮಾಹಿತಿಯುಗ. ಭಾಷೆಯನ್ನು ಯಂತ್ರಕ್ಕೆ ಒಗ್ಗಿಸುವುದನ್ನು ಅವರು ಸಂಸ್ಕೃತಿಯ ಪ್ರಶ್ನೆಯಾಗಿಯೇ ಕಂಡರು.

ಆದರೂ ಆರಂಭದ ವರ್ಷಗಳಲ್ಲಿ ಒಂದಕ್ಕೊಂದು ಹೊಂದದ ಸಂಕೇತಪಟ್ಟಿಗಳು ಬಳಕೆಯಲ್ಲಿದ್ದವು. ಒಂದು ಗಣಕದಲ್ಲಿ ಬರೆದ ಪತ್ರ ಇನ್ನೊಂದರಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತಿತ್ತು. ಕೆಲವು ಜಾಲತಾಣಗಳು ಅರಬ್ಬಿ ಪುಟಗಳನ್ನು ಚಿತ್ರಗಳಾಗಿಯೇ ಪ್ರಕಟಿಸುತ್ತಿದ್ದವು. ಅವುಗಳನ್ನು ಓದಬಹುದಿತ್ತು, ಹುಡುಕಲಾಗುತ್ತಿರಲಿಲ್ಲ. 1991ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಕ್ರಮೇಣ ಈ ಗೊಂದಲವನ್ನು ನಿವಾರಿಸಿತು. ಪಠ್ಯ ಬಲದಿಂದ ಎಡಕ್ಕೆ, ಅದರೊಳಗಿನ ಅಂಕಿಗಳು ಎಡದಿಂದ ಬಲಕ್ಕೆ ಸಾಗುವ ವೈಚಿತ್ರ್ಯಕ್ಕೂ ಅದರಲ್ಲಿ ನಿಯಮಗಳು ರೂಪುಗೊಂಡವು.

ನಿಯಮವಿದ್ದ ಮಾತ್ರಕ್ಕೆ ಬಳಕೆ ಸಿದ್ಧಿಸುವುದಿಲ್ಲ. 2001ರಲ್ಲಿ ಆರಂಭವಾದ ‘ಅರಬೈಸ್’ ಎಂಬ ಸ್ವಯಂಸೇವಕರ ಯೋಜನೆ ಮುಕ್ತ ತಂತ್ರಾಂಶಗಳನ್ನು ಅರಬ್ಬಿಗೆ ತರಲು ಪದಪಟ್ಟಿ, ಕಾಗುಣಿತ ಪರೀಕ್ಷಕ ಮತ್ತು ಅಕ್ಷರಶೈಲಿಗಳನ್ನು ಸಿದ್ಧಪಡಿಸಿತು. ಇಂಥ ಶ್ರಮದ ಉತ್ತಮ ಫಲಗಳಲ್ಲಿ ಒಂದು ‘ಅಮೀರಿ’ ಅಕ್ಷರಶೈಲಿ. ಬೂಲಾಕ್ ಮುದ್ರಣಾಲಯ 20ನೆಯ ಶತಮಾನದ ಆರಂಭದಲ್ಲಿ ರೂಪಿಸಿದ ನಸ್ಖ್ ಅಚ್ಚುಮೊಳೆಗಳನ್ನು ಆಧರಿಸಿ ಈಜಿಪ್ಟಿನ ಖಾಲಿದ್ ಹುಸ್ನಿ ಇದನ್ನು ರಚಿಸಿದರು. 1924ರ ಪ್ರಸಿದ್ಧ ಕೈರೋ ಕುರ್‌ಆನ್ ಅಚ್ಚಾದದ್ದು ಆ ಅಚ್ಚುಮೊಳೆಗಳಿಂದಲೇ. ಪಾಷಾನ ಆಳ್ವಿಕೆಯಲ್ಲಿ ಸ್ಥಾಪಿತವಾದ ಮುದ್ರಣಾಲಯದ ಸೊಬಗು ಹೀಗೆ ಯಾರು ಬೇಕಾದರೂ ಹಣ ತೆರದೆ ಬಳಸಬಹುದಾದ ಸಾರ್ವಜನಿಕ ಸ್ವತ್ತಾಯಿತು. 2010ರ ಮೇ ತಿಂಗಳಲ್ಲಿ ಈಜಿಪ್ಟ್, ಸೌದಿ ಅರೇಬಿಯಾ ಮತ್ತು ಸಂಯುಕ್ತ ಅರಬ್ ಎಮಿರೇಟ್ಸ್‌ಗಳಿಗೆ ಅರಬ್ಬಿ ಲಿಪಿಯಲ್ಲಿಯೇ ಜಾಲವಿಳಾಸದ ರಾಷ್ಟ್ರಸೂಚಕಗಳು ದೊರೆತವು.

ಮಜ್ಲಿಸ್, ದಿವಾನಿಯಾ ಮತ್ತು ಜಾಲ

ಅರಬ್ ರಾಷ್ಟ್ರಗಳಲ್ಲಿ ಅಂತರ್ಜಾಲಕ್ಕೆ ಮೊದಲು ಸೇರಿದ್ದು ಟ್ಯುನೀಶಿಯಾ, 1991ರಲ್ಲಿ. ಸೌದಿ ಅರೇಬಿಯಾದ ಸಾರ್ವಜನಿಕರಿಗೆ ಅದು ದೊರೆತದ್ದು 1999ರಲ್ಲಿ, ಕೇಂದ್ರೀಯ ಶೋಧಕ ವ್ಯವಸ್ಥೆಯೊಂದರ ಮೂಲಕ. ಈ ಎರಡು ದಿನಾಂಕಗಳ ನಡುವೆ ಪ್ರಭುತ್ವಗಳ ಹಿಂಜರಿಕೆಯ ಚರಿತ್ರೆಯೇ ಅಡಗಿದೆ. 1990ರ ದಶಕದ ಕೊನೆಗೆ ಜೋರ್ಡಾನಿನ ಅಮ್ಮಾನಿನಲ್ಲಿ ಸಮೀಹ್ ತೂಕಾನ್ ಮತ್ತು ಹುಸ್ಸಾಮ್ ಖೂರಿ ಆರಂಭಿಸಿದ ‘ಮಕ್ತೂಬ್’, ಅರಬ್ಬಿಯಲ್ಲಿ ಮಿಂಚಂಚೆ ಸೌಲಭ್ಯ ಒದಗಿಸಿ ಲಕ್ಷಾಂತರ ಜನರನ್ನು ಸೆಳೆಯಿತು. 2009ರಲ್ಲಿ ಅದನ್ನು ಯಾಹೂ ಸಂಸ್ಥೆ ಕೊಂಡುಕೊಂಡಿತು.

ಜನ ಈ ಹೊಸ ಸಾಧನವನ್ನು ತಮ್ಮ ಹಳೆಯ ಕೂಟಗಳ ಮಾದರಿಯಲ್ಲಿಯೇ ಅರ್ಥಮಾಡಿಕೊಂಡರು. ಮಜ್ಲಿಸ್, ಕಾಫಿಮನೆ, ಕುವೈತಿನ ದಿವಾನಿಯಾ, ಇವು ಅರಬ್ ಸಾರ್ವಜನಿಕ ಬದುಕಿನ ಕೇಂದ್ರಗಳು. ದಿವಾನಿಯಾ ಎಂದರೆ ಮನೆಗೆ ಹೊಂದಿಕೊಂಡ, ಅತಿಥಿಗಳು ಸಂಜೆ ಸೇರುವ ಚಾವಡಿ. ವ್ಯಾಪಾರ, ಮದುವೆ, ರಾಜಕೀಯ ಎಲ್ಲವೂ ಅಲ್ಲಿ ಚರ್ಚೆಯಾಗುತ್ತವೆ; ಆದರೆ ಸಾಂಪ್ರದಾಯಿಕವಾಗಿ ಅದು ಗಂಡಸರ ಕೂಟ. ಕುವೈತಿನ ಅಂತರ್ಜಾಲ ಬಳಕೆಯನ್ನು ಅಧ್ಯಯನ ಮಾಡಿದ ಡೆಬೊರಾ ವೀಲರ್ ಅವರ ಸಂಶೋಧನೆ, ಒಂದೇ ತಂತ್ರಜ್ಞಾನ ಸ್ಥಳೀಯ ರೂಢಿಗಳೊಳಗೆ ಹೇಗೆ ಬೇರೆಯೇ ರೂಪ ತಾಳುತ್ತದೆಂಬುದನ್ನು ಪರಿಶೀಲಿಸಿತು. ದಿವಾನಿಯಾದ ಬಾಗಿಲು ತೆರೆಯದಿದ್ದ ಯುವತಿಯರಿಗೆ ಜಾಲವು ಮಾತಿನ ಅವಕಾಶವನ್ನು ಒದಗಿಸಿತು, ಆದರೆ ಮನೆತನದ ಮರ್ಯಾದೆ ಮತ್ತು ಹೆಸರಿನ ಚಿಂತೆ ಅಲ್ಲಿಗೂ ಹಿಂಬಾಲಿಸಿತು. ಗುಪ್ತನಾಮಗಳ ಹೇರಳ ಬಳಕೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 2005ರ ಮೇ 16ರಂದು ಕುವೈತಿನ ಮಹಿಳೆಯರಿಗೆ ಮತದಾನದ ಹಕ್ಕು ದೊರೆಯಿತು. ಅದನ್ನು ಅಂತರ್ಜಾಲದ ಕೊಡುಗೆ ಎನ್ನುವುದು ದಶಕಗಳ ಹೋರಾಟಕ್ಕೆ ಮಾಡುವ ಅನ್ಯಾಯವಾದೀತು. ಸಂಘಟನೆಯ ಸಾಧನಗಳಲ್ಲಿ ಅದೂ ಒಂದಾಗಿತ್ತು ಎಂಬುದಷ್ಟೇ ಸರಿ.

ಅಂಕಿಗಳ ಪಯಣ

ಅರಬ್ಬಿ ಕೀಲಿಮಣೆ ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಯುವಜನ ರೋಮನ್ ಅಕ್ಷರಗಳಲ್ಲಿಯೇ ಅರಬ್ಬಿಯನ್ನು ಬರೆಯತೊಡಗಿದರು. ರೋಮನ್ ಲಿಪಿಯಲ್ಲಿಲ್ಲದ ಧ್ವನಿಗಳಿಗೆ ಅಂಕಿಗಳನ್ನು ಬಳಸಿದರು: ‘ಐನ್’ ಅಕ್ಷರಕ್ಕೆ 3, ಕಂಠ್ಯವಾದ ‘ಹಾ’ ಅಕ್ಷರಕ್ಕೆ 7, ‘ಹಂಝಾ’ಕ್ಕೆ 2. ಆಯ್ಕೆಗೆ ಆಧಾರ ಆಕಾರದ ಹೋಲಿಕೆ. ಮೂರನ್ನು ಮಗುಚಿದರೆ ಐನ್ ಆಗುತ್ತದೆ. ‘ಅರಬೀಝಿ’ ಎಂದು ಕರೆಯಲಾದ ಈ ಬರಹವನ್ನು ಯಾವ ಭಾಷಾ ಅಕಾಡೆಮಿಯೂ ರೂಪಿಸಲಿಲ್ಲ. ಬಳಸುವವರೇ ಕೂಡಿ ರೂಢಿಸಿದರು. ಕೆಲವರಿಗೆ ಇದು ಭಾಷೆಯ ಅವನತಿಯಾಗಿ ಕಂಡಿತು. ಆದರೆ ಬರಹರೂಪ ವಿರಳವಾಗಿದ್ದ ಆಡುಮಾತುಗಳು ದಿನಬಳಕೆಯ ಬರವಣಿಗೆಗೆ ಇಳಿದದ್ದು ಬಹುಮಟ್ಟಿಗೆ ಈ ದಾರಿಯಿಂದ ಎಂಬುದನ್ನೂ ಮರೆಯಲಾಗದು.

ಈ ಅಂಕಿಗಳಿಗೂ ಒಂದು ಚರಿತ್ರೆಯಿದೆ, ಅದರಲ್ಲಿ ಭಾರತಕ್ಕೂ ಪಾಲಿದೆ. 9ನೆಯ ಶತಮಾನದಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಭಾರತೀಯ ಗಣನಾಕ್ರಮವನ್ನು ಕುರಿತು ಗ್ರಂಥ ರಚಿಸಿದನು. ಅದೇ ಶತಮಾನದಲ್ಲಿ ಜೈನ ಗಣಿತಜ್ಞ ಮಹಾವೀರಾಚಾರ್ಯನು ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ‘ಗಣಿತಸಾರಸಂಗ್ರಹ’ವನ್ನು ಬರೆದನು. ಆ ಕಾಲದ ಅರಬ್ ವರ್ತಕರಿಗೆ ರಾಷ್ಟ್ರಕೂಟರು ಪರಿಚಿತರು. ಸುಲೈಮಾನನ ಹೆಸರಿನಲ್ಲಿರುವ 851ರ ಪ್ರವಾಸ ಕಥನದಲ್ಲಿ ಬರುವ ‘ಬಲ್ಹರಾ’ ವಲ್ಲಭರಾಜನೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಭಾರತದಿಂದ ಅರಬರಿಗೆ, ಅರಬರಿಂದ ಯೂರೋಪಿಗೆ ಸಾಗಿದ ಅಂಕಿಗಳು ಪಾಶ್ಚಾತ್ಯ ಕೀಲಿಮಣೆಯ ಮೂಲಕ ಅರಬರಲ್ಲಿಗೆ ಮರಳಿ, ಈ ಸಲ ಎಣಿಕೆಗೆ ಬದಲಾಗಿ ಧ್ವನಿಗಳನ್ನು ಸೂಚಿಸಲು ಬಳಕೆಯಾದವು. ಈಜಿಪ್ಟ್ ಮತ್ತು ಅದರ ಪೂರ್ವದ ನಾಡುಗಳಲ್ಲಿ ಬಳಕೆಯಲ್ಲಿರುವ ಅಂಕಿಗಳನ್ನು ಅರಬರು ಇಂದಿಗೂ ‘ಹಿಂದಿ ಅಂಕಿಗಳು’, ಅಂದರೆ ಭಾರತೀಯ ಅಂಕಿಗಳು ಎಂದೇ ಕರೆಯುತ್ತಾರೆ.

ಯಾವ ಅರಬ್ಬಿ, ಯಾರ ಅರಬ್ಬಿ

ಅರಬ್ಬಿ ವಿಕಿಪೀಡಿಯ ಆರಂಭವಾದದ್ದು 2003ರ ಜುಲೈ ತಿಂಗಳಲ್ಲಿ. ಮೊರಾಕೊದಿಂದ ಇರಾಕಿನವರೆಗಿನ ಸಂಪಾದಕರು ಒಂದೇ ಪುಟದಲ್ಲಿ ಸೇರಿದಾಗ ಭಾಷೆಯ ಪ್ರಶ್ನೆ ತಾನಾಗಿ ಎದ್ದಿತು. ಬರೆಯುವ ಪ್ರೌಢ ಅರಬ್ಬಿ ಮತ್ತು ಮನೆಯ ಆಡುಮಾತು ಬೇರೆ ಬೇರೆ. 1959ರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ಇಂಥ ದ್ವಿಭಾಷಾ ಸ್ಥಿತಿಯನ್ನು ವಿವರಿಸಿದಾಗ ಅರಬ್ಬಿಯನ್ನು ಪ್ರಧಾನ ಉದಾಹರಣೆಗಳಲ್ಲಿ ಒಂದಾಗಿ ತೆಗೆದುಕೊಂಡಿದ್ದರು. ವಿಕಿಪೀಡಿಯ ಪ್ರೌಢ ಅರಬ್ಬಿಯನ್ನು ಆರಿಸಿಕೊಂಡಿತಾದರೂ ಅದರಲ್ಲಿಯೂ ಏಕರೂಪತೆಯಿಲ್ಲ. ಜನವರಿ ತಿಂಗಳಿಗೆ ಈಜಿಪ್ಟಿನಲ್ಲಿ ‘ಯನಾಯಿರ್’, ಸಿರಿಯಾ-ಲೆಬನಾನ್-ಇರಾಕ್‌ಗಳಲ್ಲಿ ‘ಕಾನೂನ್ ಅಲ್-ಥಾನೀ’, ಟ್ಯುನೀಶಿಯಾ-ಅಲ್ಜೀರಿಯಾಗಳಲ್ಲಿ ಫ್ರೆಂಚ್ ಮೂಲದ ‘ಜಾನ್‌ಫಿ’. ಗಣಕಯಂತ್ರಕ್ಕೇ ‘ಹಾಸೂಬ್’, ‘ಹಾಸಿಬ್’, ‘ಕುಂಬ್ಯೂತರ್’ ಎಂಬ ಪದಗಳಿವೆ. 1919ರಲ್ಲಿ ದಮಾಸ್ಕಸ್‌ನಲ್ಲಿ, 1932ರಲ್ಲಿ ಕೈರೋದಲ್ಲಿ ಸ್ಥಾಪಿತವಾದ ಭಾಷಾ ಅಕಾಡೆಮಿಗಳಿಗೆ ಏಕರೂಪಕ್ಕೆ ತರಲಾಗದ ಪರಿಭಾಷೆಯನ್ನು ಈ ಸಂಪಾದಕರು ಪ್ರತಿದಿನ ನಿಭಾಯಿಸಬೇಕಾಯಿತು. ಎರಡು ತಿಂಗಳ ಹೆಸರುಗಳನ್ನು ಓರೆಗೆರೆಯಿಂದ ಬೇರ್ಪಡಿಸಿ ಜೊತೆಯಲ್ಲಿಯೇ ಬರೆಯುವ ರೂಢಿ ಅಲ್ಲಿ ವ್ಯಾಪಕವಾಗಿದೆ. ಇದು ಪಾಂಡಿತ್ಯದ ತೀರ್ಪಲ್ಲ. ಕೂಡಿ ಬಾಳುವವರು ಮಾಡಿಕೊಂಡ ಒಪ್ಪಂದ.

ಎಲ್ಲರೂ ಒಪ್ಪಲಿಲ್ಲ. 2008ರ ಜುಲೈಯಲ್ಲಿ ಅಲೆಕ್ಸಾಂಡ್ರಿಯಾದ ಗ್ರಂಥಾಲಯದಲ್ಲಿ ವಿಕಿಪೀಡಿಯದ ಜಾಗತಿಕ ಸಮ್ಮೇಳನ ನಡೆಯಿತು. ಅದೇ ವರ್ಷ ಈಜಿಪ್ಟಿನ ಆಡುಮಾತಿನ ವಿಕಿಪೀಡಿಯ ‘ಮಸ್ರಿ’ ಆರಂಭವಾಯಿತು. ಇದು ಅರಬ್ ಏಕತೆಗೆ ಒಡಕು ಎಂದು ಹಲವರು ಟೀಕಿಸಿದರು. ಅರಬ್ಬಿ ವಿಕಿಪೀಡಿಯ 2019ರ ನವೆಂಬರಿನಲ್ಲಿ ಹತ್ತು ಲಕ್ಷ ಲೇಖನಗಳನ್ನು ತಲುಪಿತು. ಮರುವರ್ಷವೇ ಮಸ್ರಿ ಸಂಖ್ಯೆಯಲ್ಲಿ ಅದನ್ನು ಮೀರಿಸಿತು. ಆದರೆ ಆ ಲೇಖನಗಳಲ್ಲಿ ಹೆಚ್ಚಿನವು ಸ್ವಯಂಚಾಲಿತ ತಂತ್ರಾಂಶ ಉತ್ಪಾದಿಸಿದ ಕಿರುಬರಹಗಳು. ಸಂಖ್ಯೆ ಸಹಯೋಗದ ಅಳತೆಗೋಲಾಗದು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

ಪ್ರಾಚೀನ ಪಠ್ಯಗಳ ಕ್ಷೇತ್ರದಲ್ಲಿಯೂ ಇಂಥ ದ್ವಂದ್ವವಿದೆ. ಈ ಶತಮಾನದ ಮೊದಲ ದಶಕದಲ್ಲಿ ಉಚಿತವಾಗಿ ಹಂಚಿಕೆಯಾದ ‘ಅಲ್-ಮಕ್ತಬಾ ಅಲ್-ಶಾಮಿಲಾ’ ಎಂಬ ತಂತ್ರಾಂಶ ಸಾವಿರಾರು ಅರಬ್ಬಿ ಗ್ರಂಥಗಳನ್ನು ಸಾಮಾನ್ಯ ವಿದ್ಯಾರ್ಥಿಯ ಗಣಕಕ್ಕೆ ತಂದಿತು. ಬಾಗ್ದಾದಿನ ವರ‍್ರಾಕರು ಊಹಿಸಲಾಗದ ಸೌಲಭ್ಯವಿದು. ‘ಓಪನ್ ಇಟಿ’ ಎಂಬ ವಿದ್ವತ್ ಯೋಜನೆ ಇಂಥ ಸಂಗ್ರಹಗಳ ಪಠ್ಯಗಳನ್ನು ಒಗ್ಗೂಡಿಸಿ ಗಣಕೀಯ ಅಧ್ಯಯನಕ್ಕೆ ಅಣಿಗೊಳಿಸಿದೆ. ಒಬ್ಬ ಗ್ರಂಥಕಾರನ ಮಾತು ಇನ್ನೊಬ್ಬನಲ್ಲಿ ಹೇಗೆ ಮರುಬಳಕೆಯಾಯಿತೆಂಬುದನ್ನು ಈಗ ದೊಡ್ಡ ಪ್ರಮಾಣದಲ್ಲಿ ಶೋಧಿಸಬಹುದು. ಆದರೆ ಶಾಮಿಲಾದ ಆಯ್ಕೆ ಸುನ್ನಿ ಧಾರ್ಮಿಕ ವಾಙ್ಮಯದ ಕಡೆಗೆ ವಾಲಿದೆ. ಅದರಲ್ಲಿರುವುದನ್ನೇ ಅರಬ್ಬಿ ಪರಂಪರೆಯ ಸಮಗ್ರರೂಪವೆಂದು ತಿಳಿಯುವ ಅಪಾಯ ಸಂಶೋಧಕನಿಗಿದೆ. ಈ ಕೊರತೆಯನ್ನು ಇನ್ನೊಂದು ಬದಿಯಿಂದ ತುಂಬಿದ್ದು ಮುಹಮ್ಮದ್ ಅಲ್-ಶಾರಿಖ್ ಅವರೇ. ತಮ್ಮ ಹೆಸರಿನ ಸಂಗ್ರಹದಲ್ಲಿ ಅವರು ಅರಬ್ಬಿ ಸಾಹಿತ್ಯ-ಸಂಸ್ಕೃತಿ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಎಲ್ಲರಿಗೂ ತೆರೆದಿಟ್ಟರು. 2024ರಲ್ಲಿ ಅವರು ನಿಧನರಾದರು.

ಸಾಕ್ಷ್ಯ ಮತ್ತು ಅದರ ಬೆಲೆ

2010ರ ಡಿಸೆಂಬರಿನಲ್ಲಿ ಟ್ಯುನೀಶಿಯಾದ ಸೀದಿ ಬೂಝೀದ್ ಪಟ್ಟಣದಲ್ಲಿ ಪ್ರತಿಭಟನೆಗಳು ಆರಂಭವಾದಾಗ ಜನ ತೆಗೆದ ದೃಶ್ಯಗಳು ಫೇಸ್‌ಬುಕ್‌ನಲ್ಲಿ ಹರಿದಾಡಿದವು. 2004ರಲ್ಲಿ ಹುಟ್ಟಿದ ‘ನವಾತ್’ ಎಂಬ ಬಳಗ ಆ ದೃಶ್ಯಗಳನ್ನು ಆಯ್ದು, ಸ್ಥಳ-ದಿನಾಂಕಗಳನ್ನು ಗುರುತಿಸಿ, ಆಡುಮಾತನ್ನು ಅನುವಾದಿಸಿ ಹೊರಜಗತ್ತಿಗೆ ಒದಗಿಸಿತು. ಕ್ರಾಂತಿಯನ್ನು ‘ಫೇಸ್‌ಬುಕ್ ಕ್ರಾಂತಿ’ ಎಂದವರು ಈ ಸಂಪಾದನಾ ಶ್ರಮವನ್ನು ಗಮನಿಸಲಿಲ್ಲ. ಯಾರು, ಎಲ್ಲಿ, ಯಾವಾಗ ಕಂಡರು ಎಂದು ಕೇಳುವ ಇಸ್ನಾದಿನ ಪ್ರಶ್ನೆಯನ್ನೇ ಅವರು ಚಲನಚಿತ್ರ ತುಣುಕುಗಳಿಗೆ ಕೇಳಿದ್ದರು. 2011ರ ಜನವರಿಯ ಕೊನೆಯಲ್ಲಿ ಈಜಿಪ್ಟಿನ ಸರ್ಕಾರ ಸುಮಾರು ಐದು ದಿನ ಅಂತರ್ಜಾಲವನ್ನೇ ಸ್ಥಗಿತಗೊಳಿಸಿತು. ಆ ದಿನಗಳಲ್ಲಿಯೂ ಜನ ಬೀದಿಗಿಳಿದರು. ಜಾಲವಿಲ್ಲದಿದ್ದರೂ ನೆರೆಹೊರೆಯ ಸಂಬಂಧ ಉಳಿದಿತ್ತು.

ಕೈರೋದ ‘ಮೊಸಿರೀನ್’ ಬಳಗ 2011ರಿಂದ ಸಂಗ್ರಹಿಸಿದ 858 ಗಂಟೆಗಳ ದೃಶ್ಯಗಳನ್ನು 2018ರ ಜನವರಿಯಲ್ಲಿ ತನ್ನದೇ ಜಾಲತಾಣದಲ್ಲಿ ಸಾರ್ವಜನಿಕಗೊಳಿಸಿತು. ಅದಕ್ಕೂ ಹಿಂದಿನ ವರ್ಷ ಯೂಟ್ಯೂಬ್‌ನ ಸ್ವಯಂಚಾಲಿತ ವ್ಯವಸ್ಥೆ ಉಗ್ರವಾದಿ ವಿಷಯಗಳನ್ನು ತೆಗೆಯುವ ಭರದಲ್ಲಿ ಸಿರಿಯಾ ಯುದ್ಧದ ಅಸಂಖ್ಯ ದಾಖಲೆಗಳನ್ನೂ ತೆಗೆದುಹಾಕಿತ್ತು. ‘ಸಿರಿಯನ್ ಆರ್ಕೈವ್’ನಂಥ ಬಳಗಗಳು ಮೊದಲೇ ಪ್ರತಿ ಮಾಡಿಟ್ಟುಕೊಂಡಿದ್ದವು ಉಳಿದವು. ಬೇರೆಯವರ ಮನೆಯಲ್ಲಿಟ್ಟ ಗ್ರಂಥದ ಭದ್ರತೆ ಆ ಮನೆಯವರ ಇಚ್ಛೆಗೆ ಬಿಟ್ಟದ್ದು ಎಂಬ ಹಸ್ತಪ್ರತಿಯುಗದ ಪಾಠ ಇಲ್ಲಿ ಹೊಸ ರೂಪದಲ್ಲಿ ಮರುಕಳಿಸಿತು.

ಈ ಚರಿತ್ರೆಯಲ್ಲಿ ಬಾಸಿಲ್ ಖರ್ತಬೀಲ್ ಅವರ ಹೆಸರನ್ನು ಬಿಡುವಂತಿಲ್ಲ. 1981ರಲ್ಲಿ ದಮಾಸ್ಕಸ್‌ನಲ್ಲಿ ಜನಿಸಿದ ಈ ಪ್ಯಾಲೆಸ್ಟೀನಿ-ಸಿರಿಯನ್ ತಂತ್ರಜ್ಞ ಫೈರ್‌ಫಾಕ್ಸ್ ಮತ್ತು ವಿಕಿಪೀಡಿಯಗಳಿಗೆ ದುಡಿದವರು. ದಮಾಸ್ಕಸ್‌ನಲ್ಲಿ ಯುವಕರು ಕೂಡಿ ಕಲಿಯುವ ಪ್ರಯೋಗಶಾಲೆಯೊಂದನ್ನು ಕಟ್ಟಿದರು. ಪ್ರಾಚೀನ ಪಾಲ್ಮೈರಾ ನಗರದ ಅವಶೇಷಗಳನ್ನು ಗಣಕದಲ್ಲಿ ಮೂರು ಆಯಾಮಗಳಲ್ಲಿ ಮರುನಿರ್ಮಿಸುವ ಕೆಲಸವನ್ನೂ ಆರಂಭಿಸಿದ್ದರು. 2012ರ ಮಾರ್ಚ್ 15ರಂದು ಅವರ ಬಂಧನವಾಯಿತು. 2015ರ ಆಗಸ್ಟಿನಲ್ಲಿ ಐಸಿಸ್ ಉಗ್ರರು ಪಾಲ್ಮೈರಾದ ಬಾಲ್‌ಶಾಮಿನ್ ಮತ್ತು ಬೇಲ್ ದೇವಾಲಯಗಳನ್ನು ಸ್ಫೋಟಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಖರ್ತಬೀಲ್ ಅವರನ್ನು ಸೆರೆಮನೆಯಿಂದ ಬೇರೆಡೆಗೆ ಒಯ್ಯಲಾಯಿತು. ಆ ಬಳಿಕ ಸಿರಿಯಾದ ಪ್ರಭುತ್ವ ಅವರಿಗೆ ಮರಣದಂಡನೆ ವಿಧಿಸಿ ಜಾರಿಗೊಳಿಸಿತೆಂಬ ವಾರ್ತೆ ಅವರ ಪತ್ನಿಗೆ ಖಚಿತವಾದದ್ದು 2017ರ ಆಗಸ್ಟಿನಲ್ಲಿ. ಅವರು ಸೆರೆಯಲ್ಲಿದ್ದಾಗಲೇ ಗೆಳೆಯರು ‘ನ್ಯೂ ಪಾಲ್ಮೈರಾ’ ಎಂಬ ಯೋಜನೆಯಾಗಿ ಆ ಮಾದರಿಗಳನ್ನು ಜಗತ್ತಿಗೆ ಮುಕ್ತವಾಗಿ ಒಪ್ಪಿಸಿದರು. ದೇವಾಲಯಗಳು ಹೋದವು, ಅವುಗಳ ಮಾದರಿಯನ್ನು ಕಟ್ಟತೊಡಗಿದವರೂ ಹೋದರು. ಕೂಡಿ ಮಾಡಿದ ಪ್ರತಿಗಳು ಉಳಿದವು.

ಅರಬ್ ಸಮಾಜಗಳಲ್ಲಿ ಅಂತರ್ಜಾಲದ ಬಳಕೆಯನ್ನು ಸಂಸ್ಕೃತಿ ರೂಪಿಸಿತು ಎಂದರೆ ಸಂಪ್ರದಾಯವು ತಂತ್ರಜ್ಞಾನವನ್ನು ತಡೆಯಿತು ಎಂದಲ್ಲ. ಪ್ರತಿಮಾಡುವುದು, ಹೋಲಿಸಿ ತಿದ್ದುವುದು, ದಾಟಿಸಿದವರ ಹೆಸರನ್ನು ನೆನೆಯುವುದು ಮುಂತಾದ ಹಳೆಯ ಶಿಸ್ತುಗಳು ಹೊಸ ಸಾಧನದಲ್ಲಿ ಮತ್ತೆ ನೆಲೆಗೊಂಡವು ಎಂದರ್ಥ. ಅದರ ಫಲ ಅರಬರಿಗಷ್ಟೇ ಸೀಮಿತವಾಗಿಲ್ಲ. ಇರಾನ್ ಮೂಲದ ಬೆಹದಾದ್ ಎಸ್ಫಹಬೋದ್ ಮುನ್ನಡೆಸಿದ, ಖಾಲಿದ್ ಹುಸ್ನಿಯವರೂ ದುಡಿದಿರುವ ‘ಹರ್ಫ್‌ಬಜ್’ ಎಂಬ ಮುಕ್ತ ತಂತ್ರಾಂಶ ಅಕ್ಷರಗಳನ್ನು ಅವುಗಳ ನೆರೆಗೆ ತಕ್ಕ ರೂಪದಲ್ಲಿ ಜೋಡಿಸುವ ಕೆಲಸ ಮಾಡುತ್ತದೆ. ‘ಹರ್ಫ್’ ಎಂದರೆ ಅಕ್ಷರ. ಆಂಡ್ರಾಯ್ಡ್ ಫೋನುಗಳಲ್ಲಿ ಅರಬ್ಬಿ ಅಕ್ಷರಗಳನ್ನು ಬೆಸೆಯುವ ಈ ತಂತ್ರಾಂಶವೇ ಕನ್ನಡದ ಒತ್ತಕ್ಷರಗಳನ್ನೂ ಅವುಗಳ ಸ್ಥಾನದಲ್ಲಿ ಕೂರಿಸುತ್ತದೆ.